ಗಾಜನೂರು ದಾಟಿದ ಮೇಲೆ ಸಿಗುವ ಪೆಟ್ರೋಲ್ ಬಂಕ್: ಅಳತೆ ಸರಿ, ಗಾಳಿ ಇಲ್ಲ

ಶಿವಮೊಗ್ಗದಿಂದ ತೀರ್ಥಹಳ್ಳಿ ಕಡೆ ಹೋಗುವವರು ಈ ಬಂಕಲ್ಲಿ ಧೈರ್ಯವಾಗಿ ಪೆಟ್ರೋಲ್ ಹಾಕಿಸಬಹುದು. ಮೀಟರ್ ಸೊನ್ನೆಗೆ ಬಂದಿದ್ದನ್ನು ತೋರಿಸಿಯೇ ಹುಡುಗರು ಪೈಪ್ ಹಿಡಿಯುತ್ತಾರೆ. ಅನುಮಾನ ಅಂದಾಗ ಮುಖ ಗಂಟು ಹಾಕದೆ 5 ಲೀಟರಿನ ಅಳತೆ ಪಾತ್ರೆ ತಂದು ಅಳೆದು ತೋರಿಸಿದರು, ಪೆಟ್ರೋಲ್ ಕುತ್ತಿಗೆಯ ಗೆರೆಗೆ ಸರಿಯಾಗಿ ನಿಂತಿತು. ಹೀಗೆ ಕೇಳುವುದು ಗ್ರಾಹಕರ ಹಕ್ಕು, ಎಲ್ಲ ಬಂಕಲ್ಲೂ ಕೇಳಿ.

ರೇಟ್ ಜಾಸ್ತಿ ಅಂತ ಈ ಹುಡುಗರ ಮೇಲೆ ಕೆಲವರು ಸುಮ್ನೆ ರೇಗುತ್ತಾರೆ, ನೋಡಿ ಬೇಜಾರಾಯಿತು. ದರ ಅವರ ಕೈಯಲ್ಲಿಲ್ಲ. ಬಂಕಿನವರಿಗೆ ಸಿಗುವುದು ಕಮಿಷನ್ ಅಷ್ಟೇ. ನಮ್ಮ ದೇಶ ಬಳಸುವ ಕಚ್ಚಾ ತೈಲದಲ್ಲಿ ಶೇ. 80ಕ್ಕೂ ಹೆಚ್ಚು ಹೊರಗಿನಿಂದ ಬರುತ್ತದೆ, ಲೆಕ್ಕ ಡಾಲರಲ್ಲಿ, ಹಾಗಾಗಿ ತೈಲ ಏರಿದರೂ ಹೊಡೆತ, ರೂಪಾಯಿ ಬಿದ್ದರೂ ಹೊಡೆತ. ಅದರ ಮೇಲೆ ಕೇಂದ್ರದ ಅಬಕಾರಿ ಸುಂಕ, ರಾಜ್ಯದ ಮಾರಾಟ ತೆರಿಗೆ. 2020ರಲ್ಲಿ ಕಚ್ಚಾ ತೈಲ ನೆಲ ಕಚ್ಚಿದಾಗಲೂ ನಮಗೆ ಅಗ್ಗ ಆಗಲಿಲ್ಲ, ಯಾಕಂದ್ರೆ ಮೇ ತಿಂಗಳಲ್ಲಿ ಕೇಂದ್ರ ಲೀಟರಿಗೆ 10 ರೂಪಾಯಿ ಸುಂಕ ಏರಿಸಿತು. 2024ರ ಜೂನ್‌ನಲ್ಲಿ ರಾಜ್ಯವೂ ತೆರಿಗೆಯನ್ನು ಶೇ. 25.92ರಿಂದ 29.84ಕ್ಕೆ ಒಯ್ದಿತು, ಲೀಟರಿಗೆ 3 ರೂಪಾಯಿ ಹೆಚ್ಚಾಯಿತು. ಏರಿಸುವಾಗ ಇರುವ ಅವಸರ ಇಳಿಸುವಾಗ ಇರಲ್ಲ, ಅಲ್ವಾ? ಸಿಟ್ಟು ಬರುವುದೇ ಇಲ್ಲಿ. ಬಸ್ಸು ಸರಿಯಾಗಿ ಬರದ ಮಲೆನಾಡಿನ ಊರುಗಳಲ್ಲಿ ಬೈಕ್ ಶೋಕಿಯಲ್ಲ, ಆಸ್ಪತ್ರೆಗೂ ಅದೇ, ಡೇರಿಗೆ ಹಾಲು ಒಯ್ಯಲೂ ಅದೇ.

ಟಾಯ್ಲೆಟ್ ಚೊಕ್ಕಟವಾಗಿದೆ. ಗಾಳಿ ಮಷೀನ್ ಮಾತ್ರ ಕೆಟ್ಟಿತ್ತು. ಗಾಳಿ ಪುಕ್ಕಟೆ ಕೊಡಲೇಬೇಕು, ಅದೂ ಆಗುಂಬೆ ಘಾಟಿ ಇಳಿಯುವ ಗಾಡಿಗಳು ಹೋಗುವ ರಸ್ತೆ ಇದು. ಮಾಲೀಕರು ಬೇಗ ರಿಪೇರಿ ಮಾಡಿಸಲಿ.