ಬಿಚ್ಚಿ ಜೋಡಿಸುವ ದವಡೆ ಹಲ್ಲಿನ ಮಾದರಿ: ಯಾರಿಗೆ ಉಪಯುಕ್ತ?

ದಂತವೈದ್ಯಕೀಯದ ಮೊದಲ ವರ್ಷದಲ್ಲಿರುವ ತಂಗಿಯ ಮಗಳಿಗಾಗಿ ಈ ಮಾದರಿಯನ್ನು ಪುಣೆಯ ಅಪ್ಪಾ ಬಳವಂತ ಚೌಕದ ಅಂಗಡಿಯೊಂದರಲ್ಲಿ ಕೊಂಡೆ. ಅಂಗೈ ತುಂಬುವಷ್ಟು ದೊಡ್ಡದಾದ ಕೆಳದವಡೆಯ ಹಲ್ಲು ಎರಡು ಹೋಳಾಗಿ ತೆರೆದುಕೊಳ್ಳುತ್ತದೆ. ಹೊರಪದರವಾದ ಬಿಳಿಯ ಎನಾಮೆಲ್, ಅದರ ಒಳಗಿನ ಹಳದಿ ಪದರ ಡೆಂಟಿನ್, ನಡುವಿನ ಕೆಂಪು ತಿರುಳು ಮತ್ತು ಅಲ್ಲಿಂದ ಎರಡೂ ಬೇರುಗಳ ತುದಿಯವರೆಗೆ ಇಳಿಯುವ ನಾಳಗಳು ಸ್ಪಷ್ಟವಾಗಿ ಕಾಣುತ್ತವೆ.

ತೂಕದಲ್ಲಿ ಸುಮಾರು ಶೇ 96ರಷ್ಟು ಖನಿಜವಿರುವ ಎನಾಮೆಲ್ ನಮ್ಮ ದೇಹದ ಅತ್ಯಂತ ಗಟ್ಟಿಯಾದ ವಸ್ತುವಾದರೂ, ಅದನ್ನು ಕಟ್ಟಿದ ಜೀವಕೋಶಗಳು ಹಲ್ಲು ಮೂಡುವ ಹೊತ್ತಿಗೆ ಇಲ್ಲವಾಗುವುದರಿಂದ ಸವೆದ ಪದರ ಮತ್ತೆ ಬೆಳೆಯುವುದಿಲ್ಲ. ಹುಳುಕು ಡೆಂಟಿನ್ ತಲುಪಿದಾಗ ತಣ್ಣೀರು ಏಕೆ ಚುಳುಕೆನ್ನಿಸುತ್ತದೆ ಎಂಬುದನ್ನು ಇದರ ಮೇಲೆ ಬೆರಳಿಟ್ಟು ತೋರಿಸಬಹುದು.

ಕೈಪಿಡಿಯ ತಳಿವಿಜ್ಞಾನದ ಪುಟವಂತೂ ನನಗೆ ಬಹಳ ಹಿಡಿಸಿತು. ಎನಾಮೆಲ್ ರೂಪುಗೊಳ್ಳಲು ಬೇಕಾದ ಅಮೆಲೊಜೆನಿನ್ ಪ್ರೋಟೀನಿನ ಜೀನ್ ಎಕ್ಸ್ ಮತ್ತು ವೈ ವರ್ಣತಂತುಗಳೆರಡರಲ್ಲೂ ಇದ್ದು, ಆ ಜೀನಿನ ಎರಡು ರೂಪಗಳ ಉದ್ದದಲ್ಲಿ ವ್ಯತ್ಯಾಸವಿರುವುದರಿಂದ, ಅಪರಾಧ ತನಿಖೆಯ ಡಿಎನ್ಎ ಪರೀಕ್ಷೆಯಲ್ಲಿ ವ್ಯಕ್ತಿ ಗಂಡೋ ಹೆಣ್ಣೋ ಎಂದು ತಿಳಿಯಲು ಅದನ್ನು ಬಳಸುತ್ತಾರೆ.

ಬೇರನ್ನು ಹೊದ್ದ ಸಿಮೆಂಟಮ್‌ಗೂ ಡೆಂಟಿನ್‌ನ ಬಣ್ಣವನ್ನೇ ಬಳಿದಿರುವುದು ಮಾತ್ರ ಗಂಭೀರ ಲೋಪ. ಪರೀಕ್ಷೆಯಲ್ಲಿ ವಿದ್ಯಾರ್ಥಿಗಳು ತಡವರಿಸುವುದೇ ಅಲ್ಲಿ. ವಿವರಣೆ ಇಂಗ್ಲಿಷ್ ಮತ್ತು ಮರಾಠಿಯಲ್ಲಷ್ಟೇ ಇರುವುದರಿಂದ ಇಲ್ಲಿನ ಕನ್ನಡ ಮನೆಗಳಲ್ಲಿ ಹಿರಿಯರು ಜೊತೆಗೆ ಕುಳಿತು ಓದಿ ಹೇಳಬೇಕಾಗುತ್ತದೆ. ಹತ್ತನೆಯ ತರಗತಿಯವರಿಗೆ ಇದು ಧಾರಾಳವಾಗಿ ಸಾಕು. ದಂತವೈದ್ಯಕೀಯದವರು 32 ಹಲ್ಲುಗಳ ಪೂರ್ಣ ದವಡೆಯನ್ನೇ ಕೊಳ್ಳುವುದು ಒಳ್ಳೆಯದು.