ಲಿನಕ್ಸ್ ಮಿಂಟ್: ಪಾರ್ಟಿಷನ್ ನಾವೇ ಮಾಡಿಕೊಂಡರೆ ಏನು ಲಾಭ? 2022ರಿಂದ ಬಳಸಿದ ಅನುಭವ

ದಾವಣಗೆರೆಯಲ್ಲಿ ನಮ್ಮದು ಸಣ್ಣ ಡಿಟಿಪಿ ಅಂಗಡಿ. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂತೆಂದರೆ ಗಿರಾಕಿಗಳು 'ಹೋದ ಸಲದ ಪೋಸ್ಟರೇ ತೆಗೀರಿ, ತಾರೀಕು ಬದಲಾಯಿಸಿದ್ರೆ ಸಾಕು' ಅಂತಾರೆ. ಹಳೇ ಫೈಲು ಸಿಗಲೇಬೇಕು. ಅದಕ್ಕೇ 2022ರಲ್ಲಿ, ವಿಂಡೋಸ್ ಥರದ್ದೇ ಆಪರೇಟಿಂಗ್ ಸಿಸ್ಟಂ ಆದ ಲಿನಕ್ಸ್ ಮಿಂಟ್ 21 ಹಾಕುವಾಗ, ಡಿಸ್ಕನ್ನು ಭಾಗಗಳಾಗಿ (ಪಾರ್ಟಿಷನ್) ನಾವೇ ಹಂಚಿಕೊಳ್ಳುವ 'ಸಮ್‌ಥಿಂಗ್ ಎಲ್ಸ್' ಆಯ್ಕೆಗೆ ನೇರ ಹೋದೆ. 'ಇರೇಸ್ ಡಿಸ್ಕ್' ಒತ್ತಿದರೆ ವಿಂಡೋಸ್ ಅಳಿಸಿಹೋಗುತ್ತದೆ. 'ನುಡಿ' ಕನ್ನಡ ತಂತ್ರಾಂಶದಲ್ಲಿ ಮಾಡಿದ ಹಳೇ ಕೆಲಸಗಳಿಗೆ ನನಗೆ ಅದಿನ್ನೂ ಬೇಕು.

ಡಿಸ್ಕ್ 512 ಜಿಬಿ ಎಸ್‌ಎಸ್‌ಡಿ. ವಿಂಡೋಸ್‌ಗೆ 200 ಜಿಬಿ ಬಿಟ್ಟು, ಮಿಂಟ್ ಸಿಸ್ಟಂ ಕೂರುವ ರೂಟ್‌ಗೆ 70 ಕೊಟ್ಟೆ. ಉಳಿದದ್ದೆಲ್ಲ ನಮ್ಮ ಫೈಲುಗಳಿರುವ ಹೋಮ್‌ಗೆ. ರ‍್ಯಾಮ್ ಸಾಲದಾಗ ಬಳಕೆಯಾಗುವ ಸ್ವಾಪ್‌ಗೆ ಬೇರೆ ಜಾಗ ಬೇಕಿಲ್ಲ, ಮಿಂಟ್ ತಾನೇ ಸ್ವಾಪ್ ಫೈಲ್ ಮಾಡಿಕೊಳ್ಳುತ್ತದೆ. ರೂಟ್‌ಗೆ 20-25 ಜಿಬಿ ಸಾಕು ಅನ್ನೋ ಹಳೇ ಸಲಹೆಯನ್ನು ದಯವಿಟ್ಟು ಕೇಳಬೇಡಿ. ಫ್ಲಾಟ್‌ಪ್ಯಾಕ್ ಆ್ಯಪ್‌ಗಳು (ಬೇಕಾದ ಫೈಲುಗಳನ್ನೆಲ್ಲ ಜೊತೆಗೇ ತಂದು ಹೆಚ್ಚು ಜಾಗ ಹಿಡಿಯುವಂಥವು) ಅಲ್ಲೇ ಕೂರುತ್ತವೆ. ಬೇರೆ ಡಿಸ್ಕ್ ತೋರಿಸದಿದ್ದರೆ ಟೈಮ್‌ಶಿಫ್ಟ್ ಸ್ನ್ಯಾಪ್‌ಶಾಟ್‌ಗಳೂ (ಸಿಸ್ಟಂನ ಬ್ಯಾಕಪ್ ಪ್ರತಿಗಳು) ಅಲ್ಲೇ.

ನಿಜವಾದ ಲಾಭ ಕಂಡಿದ್ದು 2024ರಲ್ಲಿ, ಮಿಂಟ್ 22 ಬಂದಾಗ. ಹೊಸದಾಗಿಯೇ ಇನ್‌ಸ್ಟಾಲ್ ಮಾಡಿದೆ. ರೂಟ್ ಸಾಲಿನಲ್ಲಿ 'ಫಾರ್ಮ್ಯಾಟ್' ಬಾಕ್ಸ್‌ಗೆ ಟಿಕ್ ಹಾಕಿದೆ. ಹೋಮ್‌ಗೆ ಮೌಂಟ್ ಪಾಯಿಂಟ್ (ಆ ಭಾಗ ಯಾವುದಕ್ಕೆ ಅನ್ನೋ ಗುರುತು) ಮಾತ್ರ ಕೊಟ್ಟು, ಟಿಕ್ ಇಲ್ಲ ಅಂತ ಖಾತ್ರಿ ಮಾಡಿಕೊಂಡೆ. ಟಿಕ್ ಇದ್ದರೆ ಆ ಭಾಗ ಪೂರ್ತಿ ಅಳಿಸಿಹೋಗುತ್ತದೆ. ಆ ಒಂದು ಬಾಕ್ಸ್ ಮೇಲೆ ಎಲ್ಲವೂ ನಿಂತಿದೆ, 'ಇನ್‌ಸ್ಟಾಲ್ ನೌ' ಒತ್ತೋ ಮುಂಚೆ ಮತ್ತೊಮ್ಮೆ ನೋಡಿ. ಯೂಸರ್ ಹೆಸರು ಹಳೇದೇ ಕೊಟ್ಟೆ. ಲಾಗಿನ್ ಆದರೆ ಪೋಸ್ಟರ್ ಫೈಲುಗಳು, ಫೈರ್‌ಫಾಕ್ಸ್ ಬುಕ್‌ಮಾರ್ಕುಗಳು, ಹೋಮ್ ಒಳಗೆ ಹಾಕಿದ್ದ ಕನ್ನಡ ಫಾಂಟುಗಳು, ಎಲ್ಲ ಇದ್ದಲ್ಲೇ ಇದ್ದವು! ಇಂಕ್‌ಸ್ಕೇಪ್ ಥರದ ಸಾಫ್ಟ್‌ವೇರ್ ಮಾತ್ರ ಮತ್ತೆ ಹಾಕಬೇಕಾಯಿತು.

ವಿಂಡೋಸ್ ಜೊತೆ ಇಟ್ಟುಕೊಳ್ಳುವವರು ಅದರ ಪಾರ್ಟಿಷನ್ ಅನ್ನು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಿಂದಲೇ ಕುಗ್ಗಿಸಿ. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ (ಪೂರ್ತಿ ಶಟ್‌ಡೌನ್ ಆಗದೆ ಬೇಗ ಶುರುವಾಗುವ ಸೌಲಭ್ಯ) ಆಫ್ ಮಾಡಿ, ಇಲ್ಲದಿದ್ದರೆ ಮಿಂಟ್‌ನಿಂದ ವಿಂಡೋಸ್ ಡ್ರೈವ್‌ಗೆ ಬರೆಯೋಕೆ ಆಗದೇ ಹೋಗಬಹುದು. ಮೊದಲೇ ಇರುವ ಇಎಫ್ಐ ಪಾರ್ಟಿಷನ್ನೇ (ಬೂಟ್ ಫೈಲುಗಳಿರುವ ಸಣ್ಣ ಭಾಗ) ಸಾಕು. ಅದನ್ನು ಫಾರ್ಮ್ಯಾಟ್ ಮಾಡಬೇಡಿ, ವಿಂಡೋಸ್ ಬೂಟ್ ಆಗೋದೂ ಅಲ್ಲಿಂದಲೇ.

ಬೇಜಾರಿನ ವಿಷಯ ಒಂದಿದೆ. ಅಳತೆ ಆಮೇಲೆ ಬದಲಾಯಿಸೋದು ರಗಳೆ. ರೂಟ್‌ಗೆ ಜಾಗ ಸಾಲದಿದ್ದರೆ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಜಿಪಾರ್ಟೆಡ್ ಅನ್ನೋ ಪಾರ್ಟಿಷನ್ ಸಾಫ್ಟ್‌ವೇರ್‌ನಲ್ಲಿ ಹೋಮ್ ಕುಗ್ಗಿಸಿ ಸರಿಸಬೇಕು. ತುಂಬ ಹೊತ್ತು ಹಿಡಿಯುತ್ತದೆ, ನಡುವೆ ಕರೆಂಟ್ ಹೋದರೆ ಡೇಟಾ ಹೋದ ಹಾಗೆಯೇ. ಯುಪಿಎಸ್ ಇಲ್ಲದೆ ಕೈ ಹಾಕಬೇಡಿ. ಬರೀ ಬ್ರೌಸಿಂಗ್‌ಗೆ ಬಳಸೋರಿಗೆ ಇಷ್ಟೆಲ್ಲ ಬೇಕಾಗಿಲ್ಲ. ಗಿರಾಕಿಗಳ ಫೈಲು ಇಟ್ಟುಕೊಳ್ಳೋರಿಗೆ ಖಂಡಿತ ಬೇಕು. ಆದರೂ ಅವನ್ನೆಲ್ಲ ನಾನು ವಾರಕ್ಕೊಮ್ಮೆ ಹೊರಗಿನ ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡುತ್ತೇನೆ. ಪಾರ್ಟಿಷನ್ ಬೇರೆಯಾದರೂ ಡಿಸ್ಕ್ ಒಂದೇ ಅಲ್ವಾ?