ಸೋನಿ ಎಂಡಿಆರ್-7506: ಮಧ್ಯಾಹ್ನ ನಾಲ್ಕು ಗಂಟೆಗೆ ಕಿವಿ ಏನು ಹೇಳುತ್ತದೆ

ಸೋನಿ ಎಂಡಿಆರ್-7506 ಹೆಡ್‌ಫೋನ್ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ತಗ್ಗಿನ ಸ್ವರದ ಬಾಸ್ ಎಷ್ಟು, ಮೇಲಿನ ಸ್ವರದ ಟ್ರೆಬಲ್ ಎಷ್ಟು, ಎಲ್ಲ ಬರೆದಾಗಿದೆ. ನಾನು ಬರೆಯಬೇಕು ಅಂದುಕೊಂಡಿರುವುದು ಬೇರೆ ವಿಷಯ. ಬೆಳಗ್ಗೆ ಒಂಬತ್ತಕ್ಕೆ ಹಾಕಿಕೊಂಡ ಹೆಡ್‌ಫೋನ್ ಮಧ್ಯಾಹ್ನ ನಾಲ್ಕಕ್ಕೆ ತಲೆಯ ಮೇಲೆ ಹೇಗಿರುತ್ತದೆ ಅನ್ನುವುದು.

ನಾನಿರುವುದು ಹಾಸನದಲ್ಲಿ. ಸೌಂಡ್ ರೆಕಾರ್ಡಿಂಗೇ ನನ್ನ ಕೆಲಸ. ಸಾಕ್ಷ್ಯಚಿತ್ರ, ಹಿರಿಯರ ಸಂದರ್ಶನ, ಜನಪದ ಹಾಡು, ಕಾಫಿ ತೋಟದವರ ವಿಡಿಯೊ, ಹೀಗೆ ಬಂದದ್ದನ್ನೆಲ್ಲ ಮಾಡುತ್ತೇನೆ. ಇವತ್ತು ಹಳೇಬೀಡು, ನಾಳೆ ಸಕಲೇಶಪುರ, ನಾಡಿದ್ದು ಮೂಡಿಗೆರೆ ಕಡೆ. ಶೂಟಿಂಗ್ ಇದ್ದ ದಿನ ಊಟದ ಹೊತ್ತು ಬಿಟ್ಟರೆ ಹೆಡ್‌ಫೋನ್ ಇಳಿಯುವುದಿಲ್ಲ. ವರ್ಷಗಳಿಂದ ಹೆಚ್ಚಿನ ದಿನ ಈ 7506ನ್ನೇ ಹಾಕಿಕೊಂಡಿದ್ದೇನೆ. ಬೇರೆಯವನ್ನೂ ಬಳಸಿದ್ದೇನೆ, ಈಗಲೂ ಬಳಸುತ್ತೇನೆ. ಅವುಗಳ ಮಾತೂ ಮುಂದೆ ಬರುತ್ತದೆ.

ಹೆಡ್‌ಫೋನ್ ಹಿತವಾಗಿರಬೇಕು ಅಂದರೆ ಕೆಲವರು ಅದನ್ನು ಐಷಾರಾಮ ಅಂದುಕೊಳ್ಳುತ್ತಾರೆ. ಧ್ವನಿ ಚೆನ್ನಾಗಿದ್ದರೆ ಸಾಕು, ಸ್ವಲ್ಪ ನೋವು ಸಹಿಸಿಕೊಳ್ಳಬೇಕು ಅನ್ನುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಕಿವಿ ನೋಯುತ್ತಿದ್ದರೆ ಮನುಷ್ಯರು ಏನು ಮಾಡುತ್ತಾರೆ? ಒಂದು ಕಡೆಯ ಕಪ್ಪನ್ನು, ಅಂದರೆ ಕಿವಿ ಮುಚ್ಚುವ ಬಟ್ಟಲನ್ನು, ಮೆಲ್ಲಗೆ ಕಿವಿಯ ಹಿಂದೆ ಸರಿಸುತ್ತಾರೆ. ಪ್ರಶ್ನೆ ಕೇಳುವಾಗ ಎತ್ತಿ ಹಿಡಿಯುತ್ತಾರೆ. ಅಷ್ಟರಲ್ಲಿ ಅಡುಗೆಮನೆಯ ಫ್ರಿಜ್ ಶುರುವಾಗಿರುತ್ತದೆ. ಸೆರಗು ಬಟ್ಟೆಗೆ ಸಿಕ್ಕಿಸಿದ ಪುಟ್ಟ ಲೇಪಲ್ ಮೈಕಿಗೆ ತಾಗಿರುತ್ತದೆ. ನಮಗೆ ಕೇಳಿಸಿರುವುದೇ ಇಲ್ಲ. ಎಂಬತ್ತು ದಾಟಿದ ಅಜ್ಜಿ ತಾನು ಮದುವೆಯಾಗಿ ಎತ್ತಿನ ಗಾಡಿಯಲ್ಲಿ ಬಂದ ಕಥೆ ಹೇಳಿ ಕಣ್ಣೊರೆಸಿಕೊಂಡ ಮೇಲೆ, ಇನ್ನೊಂದ್ಸಲ ಹೇಳಿ ಅಜ್ಜಿ ಅನ್ನಲು ಬಾಯಿ ಬರುವುದಿಲ್ಲ. ಹೇಳಿದರೂ ಮೊದಲಿನ ಹಾಗೆ ಬರುವುದಿಲ್ಲ. ಹಿತವಿಲ್ಲದ ಹೆಡ್‌ಫೋನ್ ಕೊನೆಗೆ ರೆಕಾರ್ಡಿಂಗನ್ನೇ ಕೆಡಿಸುತ್ತದೆ.

7506 ಮಾರುಕಟ್ಟೆಗೆ ಬಂದದ್ದು 1991ರಲ್ಲಿ. ಇಷ್ಟು ವರ್ಷ ಕಳೆದರೂ ಶೂಟಿಂಗ್ ಜಾಗಗಳಲ್ಲಿ ಇದೇ ಜಾಸ್ತಿ ಕಾಣಿಸುತ್ತದೆ. ತೂಕ ಕೇಬಲ್ ಬಿಟ್ಟು ಸುಮಾರು 230 ಗ್ರಾಂ. ಒಳಗೆ 40 ಮಿಲಿಮೀಟರಿನ ಡ್ರೈವರ್, ಅಂದರೆ ಸದ್ದು ಹೊರಡಿಸುವ ಪುಟ್ಟ ಸ್ಪೀಕರ್. ಇಂಪಿಡೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆ, 63 ಓಮ್, ಅಷ್ಟೇನೂ ಜಾಸ್ತಿಯಲ್ಲ. ಹಾಗಾಗಿ ಸಣ್ಣ ರೆಕಾರ್ಡರಿಗೆ ಹಾಕಿದರೂ, ಕ್ಯಾಮೆರಾಗೆ ಹಾಕಿದರೂ ಸಾಕಷ್ಟು ಜೋರಾಗಿ ಕೇಳಿಸುತ್ತದೆ. ಕಪ್ಪುಗಳು ಹಿಂಭಾಗ ಮುಚ್ಚಿದ ಜಾತಿಯವು. ಮಡಚಿ ಚೀಲದ ಮೂಲೆಗೆ ಹಾಕಬಹುದು. ಇದರ ಧ್ವನಿ ಸ್ವಲ್ಪ ಚುರುಕು, ಮೇಲಿನ ಸ್ವರಗಳು ಎದ್ದು ಕೇಳಿಸುತ್ತವೆ. ಸುಮ್ನೆ ಹಾಡು ಕೇಳುವವರಿಗೆ ಇದು ಇಷ್ಟವಾಗದೆ ಇರಬಹುದು. ನನಗೆ ಬೇಕಾದದ್ದು ಇದೇ. ರೇಷ್ಮೆ ಸೀರೆಯ ಸೆರಗು ಲೇಪಲ್ ಮೈಕಿಗೆ ಸವರಿದ ಸರಸರ ಸದ್ದು, ಮಾತಾಡುವವರ ತುಟಿಯ ಚಿಟಿಕೆ ಸದ್ದು, ಬೂಮ್ ಅನ್ನುವ ಮೈಕಿನ ಉದ್ದ ಕೋಲು ಹಿಡಿದವರ ಬೆರಳು ಕದಲಿದ್ದು, ಎಲ್ಲ ತಕ್ಷಣ ಗೊತ್ತಾಗುತ್ತದೆ.

ಈಗ ಹಿತದ ಮಾತಿಗೆ ಬರೋಣ. ಎಲ್ಲರೂ ಮೊದಲು ನೋಡುವುದು ತೂಕ. ಆದರೆ ತೂಕ ಎಲ್ಲವನ್ನೂ ಹೇಳುವುದಿಲ್ಲ. ಸೆನ್‌ಹೈಸರ್ ಎಚ್‌ಡಿ 25 ಬರೀ 140 ಗ್ರಾಂ ಇದೆ. ಹೊರಗಿನ ಗಲಾಟೆ ತಡೆಯುವುದರಲ್ಲಿ ಗಟ್ಟಿ. ಒಂದೊಂದು ಭಾಗವನ್ನೂ ಬಿಚ್ಚಿ ಹೊಸದು ಹಾಕಬಹುದು. ಪ್ರಸಾರದ ಕೆಲಸದವರು ಬಹಳ ನೆಚ್ಚಿಕೊಂಡಿರುವ ಹೆಡ್‌ಫೋನ್ ಅದು. ಆದರೆ ಅದು ಕಿವಿಯನ್ನು ಸುತ್ತುವರಿಯದೆ ಕಿವಿಯ ಮೇಲೇ ಕೂರುವ ಜಾತಿ. ಗಲಾಟೆ ತಡೆಯಬೇಕಾದರೆ ಒತ್ತಿಯೇ ಕೂರಬೇಕು. ಕನ್ನಡಕ ಇಲ್ಲದವರು, ಅರ್ಧ ದಿನದ ಕೆಲಸದವರು ಅದನ್ನು ಧೈರ್ಯವಾಗಿ ತೆಗೆದುಕೊಳ್ಳಬಹುದು. ಕನ್ನಡಕ ಹಾಕುವವರಿಗೆ ಇಡೀ ದಿನಕ್ಕೆ ಕಿವಿ ಸುತ್ತುವರಿಯುವ ಪ್ಯಾಡೇ ಒಳ್ಳೆಯದು.

ಕನ್ನಡಕದ ವಿಷಯದಲ್ಲಿ ಇನ್ನೂ ಒಂದು ಮಾತು. ದಪ್ಪ ಪ್ಲಾಸ್ಟಿಕ್ ಕಡ್ಡಿ ಇರುವ ಫ್ರೇಮು ಪ್ಯಾಡಿಗೂ ತಲೆಗೂ ನಡುವೆ ಸಂದು ಮಾಡುತ್ತದೆ. ಆ ಸಂದಿನಲ್ಲಿ ತಗ್ಗಿನ ಸ್ವರ ಸೋರಿಹೋಗುತ್ತದೆ. ನಮ್ಮಲ್ಲಿ ಮನೆಯ ಕರೆಂಟು 50 ಹರ್ಟ್ಸ್. ಫ್ರಿಜ್ಜಿನ ಗುಂಯ್ ಅನ್ನುವ ಸದ್ದು ಹೆಚ್ಚಾಗಿ 50, 100 ಹರ್ಟ್ಸ್ ಆಸುಪಾಸಿನಲ್ಲೇ ಇರುತ್ತದೆ. ಪ್ಯಾಡ್ ಸರಿಯಾಗಿ ಕೂರದಿದ್ದರೆ ಅದೇ ಕೇಳಿಸದೆ ಹೋಗುತ್ತದೆ. ಅದಕ್ಕೇ ನಾನು ಶೂಟಿಂಗಿಗೆ ಅಂತಲೇ ತೆಳ್ಳಗಿನ ಲೋಹದ ಕಡ್ಡಿಯ ಕನ್ನಡಕ ಇಟ್ಟುಕೊಂಡಿದ್ದೇನೆ. ನೋವೂ ಇಲ್ಲ, ಸೋರಿಕೆಯೂ ಕಡಿಮೆ.

ಹೆಂಗಸರಿಗೆ ಬೇರೆ ಕೆಲವು ತೊಂದರೆಗಳಿವೆ. ಅದನ್ನು ಯಾವ ವಿಮರ್ಶೆಯಲ್ಲೂ ಯಾರೂ ಬರೆದದ್ದು ನಾನು ಓದಿಲ್ಲ. ಓಲೆ ಮುಂದಿನಿಂದ ಚಿಕ್ಕದಾಗಿಯೇ ಇರಲಿ, ಹಿಂದೆ ತಿರುಪು ಇರುತ್ತದಲ್ಲ, ಅದನ್ನು ಪ್ಯಾಡು ಕಿವಿಯ ಹಿಂದಿನ ಚರ್ಮಕ್ಕೆ ಒತ್ತುತ್ತದೆ. ಮೊದಲ ಒಂದು ಗಂಟೆ ಗೊತ್ತಾಗುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ತಿರುಪಿನ ಗುರುತು ಕೆಂಪಗೆ ಎದ್ದು, ಮುಟ್ಟಿದರೆ ಉರಿಯುತ್ತದೆ. 7506ರ ಪ್ಯಾಡು ತೆಳ್ಳಗಿದೆ, ಒಳಗಿನ ಜಾಗವೂ ಕಿರಿದು. ಶೂಟಿಂಗಿನ ದಿನ ನಾನು ಓಲೆ ತೆಗೆದು, ತೂತು ಮುಚ್ಚದ ಹಾಗೆ ಸಣ್ಣ ಬಂಗಾರದ ತಂತಿ ಹಾಕಿಕೊಳ್ಳುತ್ತೇನೆ. ಕೂದಲು ಎತ್ತಿ ತುರುಬು ಕಟ್ಟಿದರೆ ಹೆಡ್‌ಬ್ಯಾಂಡ್ ಹಿಂದಕ್ಕೆ ಜಾರುತ್ತದೆ. ಕೆಳಗೆ ಸಡಿಲವಾಗಿ ಜಡೆ ಹೆಣೆದುಕೊಂಡರೆ ಸರಿಯಾಗಿ ಕೂರುತ್ತದೆ. ಸಣ್ಣ ವಿಷಯ ಅನ್ನಿಸಬಹುದು, ಆದರೆ ಇಡೀ ದಿನ ಹಾಕಿಕೊಳ್ಳುವವರಿಗೆ ಇದು ಸಣ್ಣದಲ್ಲ. ಮೂಡಿಗೆರೆ ಕಡೆಯ ಒಂದು ತೋಟದ ಮನೆಯಲ್ಲಿ ಕಾಫಿ ತಂದುಕೊಟ್ಟ ಅಜ್ಜಿ ಕೇಳಿದರು, "ಏನವ್ವ, ಬೆಳಗ್ಗಿಂದ ಅದ್ನ ಕಿವಿಯಿಂದ ತೆಗ್ದೇ ಇಲ್ವಲ್ಲ, ನೋಯಕಿಲ್ವಾ?" ಇಲ್ಲ ಅಜ್ಜಿ ಅಂದೆ. ನಿಜವಾಗಿಯೂ ನೋಯುತ್ತಿರಲಿಲ್ಲ. ಓಲೆ, ಕನ್ನಡಕ, ಪ್ಯಾಡು ಮೂರನ್ನೂ ಸರಿಮಾಡಿಕೊಂಡ ಮೇಲಿನ ಮಾತು ಅದು.

ಪ್ಯಾಡಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಹಿತದ ಮುಕ್ಕಾಲು ಪಾಲು ಇರುವುದು ಅಲ್ಲೇ. ಯಾವ ಕಂಪನಿಯದ್ದಾದರೂ ರೆಕ್ಸಿನ್ ಪ್ಯಾಡಿಗೆ ಎರಡು ಗುಣ ಇರುತ್ತವೆ. ಒಂದು, ಅದು ಗಾಳಿ ಬಿಡುವುದಿಲ್ಲ, ಹಾಗಾಗಿ ಹೊರಗಿನ ಸದ್ದನ್ನು ಚೆನ್ನಾಗಿ ತಡೆಯುತ್ತದೆ. ಎರಡು, ಅದು ಗಾಳಿ ಬಿಡುವುದಿಲ್ಲ, ಹಾಗಾಗಿ ಬೆವರಿಳಿಯುತ್ತದೆ. ಶ್ರವಣಬೆಳಗೊಳದಲ್ಲಿ ಬೇಸಿಗೆಯಲ್ಲಿ ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲನ್ನು ರೆಕಾರ್ಡರ್ ಚೀಲ ಹೊತ್ತು ಹತ್ತಿದರೆ ಮೇಲೆ ಹೋಗುವಷ್ಟರಲ್ಲಿ ಕಪ್ಪಿನೊಳಗೆ ಕಿವಿ ತೊಯ್ದು ತೊಪ್ಪೆಯಾಗಿರುತ್ತದೆ. ಬೆವರು, ಎಣ್ಣೆ, ಬಿಸಿಲು ಸೇರಿ ಕಾಲ ಕಳೆದಂತೆ ರೆಕ್ಸಿನ್ ಸಿಪ್ಪೆ ಏಳುತ್ತದೆ. ಅದರ ಕರಿ ಚೂರುಗಳು ಕೆನ್ನೆಗೆ ಅಂಟುತ್ತವೆ. ಪ್ಯಾಡು ಬದಲಿಸಲೇಬೇಕಾದ ವಸ್ತು ಅಂತ ಮೊದಲೇ ಲೆಕ್ಕಕ್ಕೆ ಹಿಡಿದುಬಿಡಿ. 7506ರಲ್ಲಿ ಅದು ಸುಲಭ. ಸ್ಕ್ರೂ ಇಲ್ಲ, ಅಂಟಿಲ್ಲ. ಪ್ಯಾಡಿನ ಅಂಚಿನ ತುಟಿಯನ್ನು ಕಪ್ಪಿನ ಸುತ್ತ ಇರುವ ಸಂದಿನೊಳಗೆ ಒಂದು ಕಡೆಯಿಂದ ಶುರುಮಾಡಿ ಬೆರಳಿನಿಂದ ತೂರಿಸುತ್ತಾ ಸುತ್ತ ಬಂದರೆ ಮುಗಿಯಿತು.

ನಾನು ಈಗ ಹಾಕಿರುವುದು ವೆಲ್ವೆಟ್ ತರಹದ ಬಟ್ಟೆಯ ಪ್ಯಾಡು. ಬೆವರು ಕಡಿಮೆ, ಚರ್ಮಕ್ಕೆ ಮೆತ್ತಗೆ. ಆದರೆ ಪುಕ್ಕಟೆಯಾಗಿ ಏನೂ ಸಿಗುವುದಿಲ್ಲ. ಬಟ್ಟೆ ಗಾಳಿ ಬಿಡುವುದರಿಂದ ಬಾಸ್ ಒಂಚೂರು ಇಳಿಯುತ್ತದೆ, ಹೊರಗಿನ ಸದ್ದು ಒಂಚೂರು ಜಾಸ್ತಿ ಒಳಗೆ ಬರುತ್ತದೆ. ದಪ್ಪ ಪ್ಯಾಡು ಹಾಕಿದರೆ ಡ್ರೈವರು ಕಿವಿಯಿಂದ ದೂರವಾಗಿ ಧ್ವನಿಯ ಬಣ್ಣವೇ ಬದಲಾಗುತ್ತದೆ. ಆನ್‌ಲೈನಿನಲ್ಲಿ ಹೆಸರಿಲ್ಲದ ದಪ್ಪ ಪ್ಯಾಡು ತರಿಸಿದಾಗ ಮಾತುಗಳು ಕೊಳವೆಯೊಳಗಿಂದ ಬಂದಂತೆ ಕೇಳಿಸಿದವು, ಅವತ್ತೇ ತೆಗೆದಿಟ್ಟೆ. ಯಾವ ಪ್ಯಾಡು ಹಾಕಿದರೂ ನಿಮಗೆ ಚೆನ್ನಾಗಿ ಪರಿಚಯ ಇರುವ ಒಂದು ರೆಕಾರ್ಡಿಂಗನ್ನು ಹಳೇ ಪ್ಯಾಡಿನಲ್ಲೊಮ್ಮೆ, ಹೊಸದರಲ್ಲೊಮ್ಮೆ ಕೇಳಿ ನೋಡಿ. ಆಮೇಲೆ ಕೆಲಸಕ್ಕೆ ತೆಗೆದುಕೊಂಡು ಹೋಗಿ.

ಒಳಾಂಗಣದಲ್ಲಿ ಕೂತು ಮಾಡುವ ಕೆಲಸಕ್ಕೆ, ಎಡಿಟಿಂಗಿಗೆ, ಉದ್ದನೆಯ ಸಂದರ್ಶನಗಳಿಗೆ ನನ್ನ ಬಳಿ ಬೇಯರ್‌ಡೈನಮಿಕ್ ಡಿಟಿ 770 ಪ್ರೊ ಇದೆ. ತೂಕ 270 ಗ್ರಾಂ, 7506ಗಿಂತ ಜಾಸ್ತಿ. ಆದರೂ ಹೊತ್ತು ಕಳೆದಂತೆ ಹಗುರ ಅನ್ನಿಸುವುದು ಅದೇ. ಪ್ಯಾಡಿನೊಳಗೆ ಇಡೀ ಕಿವಿ ಆರಾಮಾಗಿ ಕೂರುತ್ತದೆ, ಯಾವುದೂ ತಾಗುವುದಿಲ್ಲ. ಹೆಡ್‌ಬ್ಯಾಂಡ್ ಮೆತ್ತಗಿದೆ. ಬರೀ ಹಿತವನ್ನೇ ನೋಡಿದರೆ ನನ್ನ ಓಟು ಇದಕ್ಕೇ. ಕೊಳ್ಳುವಾಗ ಓಮ್ ನೋಡಿ ಕೊಳ್ಳಿ. ಇದು 32, 80, 250 ಓಮ್ ಹೀಗೆ ಬೇರೆ ಬೇರೆಯಾಗಿ ಬರುತ್ತದೆ. 250 ಓಮಿನದು ಸಣ್ಣ ರೆಕಾರ್ಡರಿನಲ್ಲಿ, ಕ್ಯಾಮೆರಾದಲ್ಲಿ ಮೆಲ್ಲಗೆ ಕೇಳಿಸುತ್ತದೆ, ವಾಲ್ಯೂಮ್ ತುದಿಗೆ ಏರಿಸಿದರೂ ಸಾಲದು. ನಮ್ಮ ಕೆಲಸಕ್ಕೆ 80 ಸರಿ. ಇದು ಮಡಚುವುದಿಲ್ಲ, 80 ಓಮಿನದ್ದರ ಕೇಬಲ್ 3 ಮೀಟರ್ ನೇರವಾಗಿದೆ. ಕಾಫಿ ಗಿಡದ ಸಾಲಿನ ನಡುವೆ ನಡೆದಾಡುವಾಗ ಆ ಉದ್ದ ಕಾಲಿಗೆ ಸಿಗುತ್ತದೆ. ಅದಕ್ಕೇ ತೋಟಕ್ಕೆ ಹೋಗುವಾಗ 7506, ಮನೆಯೊಳಗೆ 770.

ಆಡಿಯೊ-ಟೆಕ್ನಿಕಾ ಎಟಿಎಚ್-ಎಂ50ಎಕ್ಸ್ ಬಗ್ಗೆಯೂ ಬಹಳ ಜನ ಕೇಳುತ್ತಾರೆ. 285 ಗ್ರಾಂ, 38 ಓಮ್, ಕೇಬಲ್ ಬಿಚ್ಚಿ ಬದಲಿಸಬಹುದು. ಅದು ದೊಡ್ಡ ಅನುಕೂಲ. ಬಾಸ್ ಇಷ್ಟಪಡುವವರಿಗೆ ಹಿಡಿಸುತ್ತದೆ. ಬ್ಲೂಟೂತ್ ಹೆಡ್‌ಫೋನ್ ಎಷ್ಟೇ ಮೆತ್ತಗಿದ್ದರೂ ಈ ಕೆಲಸಕ್ಕೆ ಬೇಡ. ಧ್ವನಿ ತಡವಾಗಿ ಬರುತ್ತದೆ, ಎದುರಿನವರ ತುಟಿ ಅಲುಗಿದ ಮೇಲೆ ಮಾತು ಕೇಳಿಸುತ್ತದೆ. ಗದ್ದಲ ಅಳಿಸುವ ಸೌಲಭ್ಯ ಇದ್ದರಂತೂ ಸುತ್ತಲಿನ ಗದ್ದಲದ ಎಷ್ಟು ಪಾಲು ಮೈಕಿಗೆ ಹೋಗುತ್ತಿದೆ ಅಂತ ನಂಬಿ ಹೇಳಲು ಆಗುವುದಿಲ್ಲ. ಹಿಂಭಾಗ ತೆರೆದ ಹೆಡ್‌ಫೋನು ತಂಪು, ಹಗುರ. ಆದರೆ ಹೊರಗಿನದ್ದೂ ನೇರ ಕೇಳಿಸುತ್ತದೆ, ಒಳಗಿನದ್ದು ಮೈಕಿಗೂ ಸೋರುತ್ತದೆ. ಅದು ಎಡಿಟಿಂಗ್ ಕೋಣೆಗೆ ಮಾತ್ರ.

ಗಲಾಟೆಯ ಜಾಗದಲ್ಲಿ ಹಿತ ಅಂದರೆ ವಾಲ್ಯೂಮೂ ಹೌದು. ಚಿಕ್ಕಮಗಳೂರು ಕಡೆ ವೀರಗಾಸೆ ರೆಕಾರ್ಡ್ ಮಾಡುವಾಗ ಸಂಬಾಳ, ಕರಡೆ ಮೈಮೇಲೆ ಬಂದ ಹಾಗೆ ಬಾರಿಸುತ್ತಿರುತ್ತಾರೆ. ಅದರ ನಡುವೆ ಒಡಪು ಹೇಳುವವರ ದನಿ ಮೈಕಿಗೆ ಸರಿಯಾಗಿ ಬರುತ್ತಿದೆಯೇ ಅಂತ ಕೇಳಬೇಕು. ಡಿಸೆಂಬರಿನಲ್ಲಿ ತೋಟದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯೊಳಗೂ ಇದೇ ಪಾಡು. ಕೈ ತಾನಾಗಿಯೇ ವಾಲ್ಯೂಮ್ ಗುಂಡಿಗೆ ಹೋಗುತ್ತದೆ. ಕೆಲಸದ ಜಾಗದ ಆರೋಗ್ಯ ನೋಡಿಕೊಳ್ಳುವ ಅಮೆರಿಕದ ನಿಯಾಶ್ ಸಂಸ್ಥೆ ಹಾಕಿಕೊಟ್ಟ ಮಿತಿ ಹೀಗಿದೆ: 85 ಡೆಸಿಬಲ್ ಆದರೆ ದಿನಕ್ಕೆ 8 ಗಂಟೆ. ಅಲ್ಲಿಂದ 3 ಡೆಸಿಬಲ್ ಏರಿದಂತೆಲ್ಲ ಹೊತ್ತು ಅರ್ಧ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ. ಕಿವಿ ದಣಿದಾಗ ಧ್ವನಿ ಮಂದ ಅನ್ನಿಸಿ ಇನ್ನೂ ಏರಿಸುತ್ತೇವೆ, ಅದರಿಂದ ಇನ್ನೂ ದಣಿಯುತ್ತದೆ. ನಾನು ಬೆಳಗ್ಗೆ, ಕಿವಿ ತಾಜಾ ಇರುವಾಗ, ಹಿತವಾದ ಮಟ್ಟಕ್ಕೆ ಗುಂಡಿ ತಿರುಗಿಸಿ ಬಿಳಿ ಟೇಪಿನಿಂದ ಗುರುತು ಹಾಕುತ್ತೇನೆ. ಸಂಜೆವರೆಗೆ ಆ ಗುರುತು ದಾಟುವುದಿಲ್ಲ. ಕೇಳಿಸುತ್ತಿಲ್ಲ ಅನ್ನಿಸಿದರೆ ಹತ್ತು ನಿಮಿಷ ತೆಗೆದಿಟ್ಟು ಸುಮ್ಮನೆ ಕೂರುತ್ತೇನೆ. ಯೂನಿಟ್ಟಿನವರಿಗೆ ಮೊದಲೇ ಹೇಳಿರುತ್ತೇನೆ, ಯಾರೂ ಬೇಜಾರು ಮಾಡಿಕೊಂಡಿಲ್ಲ.

7506ರ ಕೇಬಲ್ ಸುರುಳಿಯಾಗಿದೆ, ಎಳೆದರೆ 3 ಮೀಟರ್ ಬರುತ್ತದೆ. ಎಡಗಡೆಯ ಕಪ್ಪಿನಿಂದ ಹೊರಡುತ್ತದೆ, ಬಿಚ್ಚಲು ಬರುವುದಿಲ್ಲ. ಸುರುಳಿಯ ಭಾರ ಒಂದೇ ಕಡೆ ನೇತಾಡಿದರೆ ಸಂಜೆಗೆ ಎಡಗಡೆಯ ಕುತ್ತಿಗೆ ಹಿಡಿದುಕೊಳ್ಳುತ್ತದೆ. ಕಪ್ಪಿನಿಂದ ಒಂದು ಗೇಣು ಸಡಿಲ ಬಿಟ್ಟು ಕೇಬಲನ್ನು ಭುಜದ ಪಟ್ಟಿಗೆ ಕ್ಲಿಪ್ಪಿನಿಂದ ಸಿಕ್ಕಿಸಿ. ಭಾರವೆಲ್ಲ ಭುಜಕ್ಕೆ ಹೋಗುತ್ತದೆ, ತಲೆ ತಿರುಗಿಸಿದರೂ ಎಳೆಯುವುದಿಲ್ಲ.

ಮಲೆನಾಡಿನವರಿಗೆ ಒಂದು ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯ ಪ್ಯಾಡು ಹಾಗೇ ಚೀಲದಲ್ಲಿಟ್ಟರೆ ಬೂಸ್ಟು ಹಿಡಿಯುತ್ತದೆ. ಕೆಲಸ ಮುಗಿದ ಮೇಲೆ ಪ್ಯಾಡು ಕಳಚಿ ಫ್ಯಾನಿನ ಗಾಳಿಗೆ ಒಣಗಿಸಿ. ಮುಚ್ಚಳ ಗಟ್ಟಿಯಾಗಿ ಕೂರುವ ಡಬ್ಬಿಗೆ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಹಾಕಿಡಿ. ಒಲೆಯ ಹತ್ತಿರ, ಹೊಗೆ ಆಡುವ ಕಡೆ ಇಡಬೇಡಿ. ಹೊಗೆಯ ವಾಸನೆ ಒಮ್ಮೆ ಹಿಡಿದರೆ ತೊಳೆದರೂ ಹೋಗುವುದಿಲ್ಲ.

ಹೊರಗಡೆ ಓಡಾಡಿ ರೆಕಾರ್ಡ್ ಮಾಡುವವರಿಗೆ, ಒಂದೇ ಹೆಡ್‌ಫೋನಿಗೆ ಮಾತ್ರ ದುಡ್ಡಿದೆ ಅನ್ನುವವರಿಗೆ, ನಾನು 7506ನ್ನೇ ಹೇಳುತ್ತೇನೆ. ಜೊತೆಗೆ ಒಂದು ಜೋಡಿ ಬಟ್ಟೆಯ ಪ್ಯಾಡು ತೆಗೆದಿಡಿ. ಕಿವಿ ದೊಡ್ಡದಿದ್ದು ಪ್ಯಾಡಿನ ಅಂಚಿಗೆ ತಾಗುತ್ತಿದ್ದರೆ, ಕೂತು ಮಾಡುವ ಕೆಲಸವೇ ಜಾಸ್ತಿ ಇದ್ದರೆ, 770ರ 80 ಓಮ್ ನೋಡಿ. ಅಂಗಡಿಗೆ ಹೋಗುವಾಗ ನಿಮ್ಮ ರೆಕಾರ್ಡರ್ ತೆಗೆದುಕೊಂಡು ಹೋಗಿ. ದಿನಾ ಹಾಕುವ ಕನ್ನಡಕ, ಓಲೆ ಹಾಕಿಕೊಂಡೇ ಹೋಗಿ. ಐದು ನಿಮಿಷಕ್ಕೆ ಎಲ್ಲವೂ ಹಿತವಾಗಿಯೇ ಇರುತ್ತವೆ ಅಲ್ವಾ, ಅರ್ಧ ಗಂಟೆ ಹಾಕಿಕೊಂಡು ಕೂರುತ್ತೇನೆ ಅಂತ ಅಂಗಡಿಯವರನ್ನು ಕೇಳಿ. ಹೆಚ್ಚಿನವರು ಆಗಲಿ ಅನ್ನುತ್ತಾರೆ.